ಎಲೆಕ್ಟ್ರೊಲೈಟ್‌ಗೆ ‘ವಿದ್ಯುದ್ವಿಭಾಜ್ಯ’ ಸರಿಯೇ? ಚಳಿಗೆ ಅದು ‘ಹೆಪ್ಪುಗಟ್ಟುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತಿಪಟೂರಿನ ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಕಡು ಚಳಿ, ಕಡು ಬಿಸಿ ಎರಡನ್ನೂ ತಡೆಯುವ ಬ್ಯಾಟರಿ ಎಲೆಕ್ಟ್ರೊಲೈಟ್ ಬಗ್ಗೆ. ಎರಡು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಪಠ್ಯದಲ್ಲಿ ಎಲೆಕ್ಟ್ರೊಲೈಟ್ ಅಂದರೆ ‘ವಿದ್ಯುದ್ವಿಭಾಜ್ಯ’. ಕರೆಂಟ್ ಹರಿಸಿದರೆ ಒಡೆಯುವಂಥದ್ದು ಅಂತ ಅರ್ಥ. 1834ರಲ್ಲಿ ಫ್ಯಾರಡೆ ಆ ಹೆಸರು ಬಳಸಿದ್ದೂ ಇದೇ ಅರ್ಥದಲ್ಲಿ. ಆದರೆ ಲಿಥಿಯಂ ಬ್ಯಾಟರಿಯಲ್ಲಿ ಅದರ ಕೆಲಸ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಕಣಗಳನ್ನು, ಆಚೆಯಿಂದ ಈಚೆಗೆ ದಾಟಿಸುವುದು. ಮೊದಲ ಚಾರ್ಜಿನಲ್ಲಿ ಚೂರು ಒಡೆದು ಪೊರೆ ಕಟ್ಟಬೇಕು, ಅಷ್ಟೇ. ಆಮೇಲೂ ಒಡೆಯುತ್ತಾ ಹೋದರೆ ಗ್ಯಾಸ್ ಹುಟ್ಟಿ ಸೆಲ್ ಉಬ್ಬುತ್ತದೆ. ಬಿಸಿ ಜಾಸ್ತಿಯಾದಾಗ ಆಗುವ ತೊಂದರೆಯೇ ಅದು. ರೋಗದ ಹೆಸರನ್ನೇ ವಸ್ತುವಿಗೆ ಇಟ್ಟಂತಾಗುತ್ತದೆ, ಅಲ್ವಾ? ಅಂಗಡಿಯವರ ‘ಆಸಿಡ್’ ಇನ್ವರ್ಟರಿನ ಲೆಡ್ ಬ್ಯಾಟರಿಗೆ ಸರಿ, ಇದಕ್ಕಲ್ಲ. ‘ದ್ರವ’ ಅನ್ನೋಣ ಅಂದರೆ ಗಟ್ಟಿ ಎಲೆಕ್ಟ್ರೊಲೈಟೂ ಇವೆ. ‘ಅಯಾನುವಾಹಕ’ ಹೇಗೆ?

ಇನ್ನು ಚಳಿಯ ಮಾತು. ಧನುರ್ಮಾಸದ ಬೆಳಿಗ್ಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬೋರಲು ಹಾಕಿದರೂ ಹನಿ ಬೀಳುವುದಿಲ್ಲ. ಅಮ್ಮ ಅದನ್ನು ಬಿಸಿಲು ಬೀಳುವ ಮೆಟ್ಟಿಲ ಮೇಲೆ ಇಡುತ್ತಾರೆ. ಅದು ಹೆಪ್ಪುಗಟ್ಟುವುದು. ಬ್ಯಾಟರಿಯಲ್ಲಿ ಬಳಸುವ ಎಥಿಲೀನ್ ಕಾರ್ಬೊನೇಟ್ ಒಂದನ್ನೇ ಇಟ್ಟರೆ ಸುಮಾರು 36 ಡಿಗ್ರಿಯಲ್ಲೇ ಹೀಗಾಗುತ್ತದೆ. ಅದಕ್ಕೇ ತೆಳು ದ್ರಾವಕ ಬೆರೆಸುತ್ತಾರೆ. ಬೆರೆಸಿದ್ದು ಸೊನ್ನೆಗಿಂತ ಕೆಳಗಿಳಿದರೂ ತಕ್ಷಣ ಹೆಪ್ಪಾಗುವುದಿಲ್ಲ. ಬೆಲ್ಲದ ಪಾಕದ ಹಾಗೆ ಆಗುತ್ತದೆ, ಅಯಾನುಗಳ ಓಡಾಟ ನಿಧಾನವಾಗುತ್ತದೆ. ಜೊತೆಗೆ ದ್ರಾವಕ ಲಿಥಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡು ಸುಲಭವಾಗಿ ಬಿಡುವುದಿಲ್ಲ. 2022ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಡೈಬ್ಯುಟೈಲ್ ಈಥರ್ ಅನ್ನುವ ದ್ರಾವಕ ಆರಿಸಿಕೊಂಡದ್ದು ಅದರ ಹಿಡಿತ ಸಡಿಲ ಅಂತಲೇ. ಕುದಿಯುವುದಕ್ಕೂ ಅದಕ್ಕೆ 141 ಡಿಗ್ರಿ ಬೇಕು. ಅವರ ಬ್ಯಾಟರಿ ಮೈನಸ್ 40ರಲ್ಲೂ 50 ಡಿಗ್ರಿಯಲ್ಲೂ ಕೆಲಸ ಮಾಡಿತು.

ಹಾಗಾಗಿ ‘ಹೆಪ್ಪುಗಟ್ಟುತ್ತದೆ’ ಹೊಡೆದುಹಾಕಿ ‘ಮಂದವಾಗುತ್ತದೆ’ ಅಂತ ಬರೆದೆ. ‘ಸ್ನಿಗ್ಧತೆ ಹೆಚ್ಚುತ್ತದೆ’ ಅಂದರೆ ಮಕ್ಕಳಿಗೆ ಏನೂ ಕಾಣುವುದಿಲ್ಲ. ಮಂದ ಅಂದರೆ ಗಟ್ಟಿಯೂ ಹೌದು, ನಿಧಾನವೂ ಹೌದು. ಇಲ್ಲಿ ಎರಡೂ ಒಟ್ಟಿಗೇ ಆಗುತ್ತವೆ. ನಾವು ಮಂದ ಮಜ್ಜಿಗೆ ಅಂತೀವಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರೂ ಹಾಗೇ ಅಂತೀರಾ, ಅಥವಾ ನಿಮ್ಮಲ್ಲಿ ಬೇರೆ ಮಾತಿದೆಯಾ?