ಇನ್ಸುಲೇಶನ್ ಇಲ್ಲದ ಗ್ಯಾರೇಜಿಗೆ ಯಾವ ಹೀಟರ್ ತಗೊಳ್ಳಲಿ?

ಪ್ರಶ್ನೆ:
ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಮನೆ ಹಿಂದೆ, ಮನೆಗೆ ತಾಗದ ಹಾಗೆ, ಎರಡು ಕಾರಿನ ಹಳೇ ಗ್ಯಾರೇಜ್ ಇದೆ, 22 ಅಡಿಗೆ 22. ಒಳಗಿಂದ ನೋಡಿದರೆ ಬರೀ ಮರದ ಚೌಕಟ್ಟು, ಅದರಾಚೆ ಹಲಗೆ, ಅಷ್ಟೇ; ಶಾಖ ಹೊರಹೋಗದಂತೆ ತಡೆಯುವ ಇನ್ಸುಲೇಶನ್ ಇಲ್ಲ. ಶನಿವಾರ ಭಾನುವಾರ ಎರಡು ಮೂರು ಗಂಟೆ ಅಲ್ಲಿ ಮರಗೆಲಸ ಮಾಡುತ್ತೇನೆ. ಹೊರಗೆ ಮೈನಸ್ 15 ಡಿಗ್ರಿ ಇದ್ದಾಗ 1500 ವ್ಯಾಟ್ ಫ್ಯಾನ್ ಹೀಟರ್ ಒಂದು ಗಂಟೆ ಓಡಿಸಿದರೂ ಬೆರಳು ಮರಗಟ್ಟಿಯೇ ಇರುತ್ತವೆ, ಅದರ ಜೊತೆ ಗರಗಸದ ಮೆಶಿನ್ ಆನ್ ಮಾಡಿದರೆ ಬ್ರೇಕರ್ ಟ್ರಿಪ್. ಹೋದ ವಾರ ಒಂದು ಸ್ಟೂಲಿಗೆ ಅಂಟು ಹಾಕಿದ್ದೆ. ಒಣಗಿದ ಮೇಲೆ ನೋಡಿದರೆ ಸುಣ್ಣದ ಪುಡಿ ಥರ ಬೆಳ್ಳಗಾಗಿದೆ, ಎಳೆದರೆ ಕಾಲು ಕೈಗೇ ಬಂತು. ಇನ್ನೂ ದುಬಾರಿ ಹೀಟರ್ ತಗೊಂಡರೆ ಸರಿಹೋಗುತ್ತಾ?

ಉತ್ತರ 1:
ಬೇಡ ಸರ್, ಸುಮ್ನೆ ದುಡ್ಡು ದಂಡ. 120 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಹೀಟರ್ 30 ಡಾಲರಿನದಾದರೂ 300 ಡಾಲರಿನದಾದರೂ ಕೊಡುವ ಶಾಖ ಹೆಚ್ಚೆಂದರೆ 1500 ವ್ಯಾಟಿನದೇ, ಅಂದರೆ ಗಂಟೆಗೆ ಸುಮಾರು 5,100 ಬಿಟಿಯು (ಶಾಖದ ಅಳತೆ). ಅದೊಂದೇ 12.5 ಆಂಪ್ ಎಳೆಯುತ್ತದೆ. ನಿಮ್ಮದು 15 ಆಂಪ್ ಲೈನ್ ಆಗಿದ್ದರೆ ಗರಗಸಕ್ಕೆ ಏನು ಉಳಿಯಿತು ಹೇಳಿ! ಗಾಳಿ ಬಿಸಿ ಮಾಡುವ ಆಸೆ ಬಿಡಿ. ಬೆಂಚಿನ ಮೇಲೆ, ಎದುರಿಗಿದ್ದವರಿಗೆ ನೇರವಾಗಿ ಬಿಸಿ ತಾಗಿಸುವ ಒಂದು ಇನ್‌ಫ್ರಾರೆಡ್ ಹೀಟರ್ ತೂಗುಹಾಕಿ, ಅದಕ್ಕೆ ಬೇರೆ ಲೈನ್ ಕೊಡಿಸಿ. ಊರಲ್ಲಿ ಬಚ್ಚಲ ಒಲೆ ಮುಂದೆ ಕೂತ ಹಾಗೆ, ಎದುರಿಗೆ ಬಿಸಿ, ಬೆನ್ನಿಗೆ ಚಳಿ. ಆದರೂ ಕೈ ಆಡುತ್ತದೆ. ಚಳಿಗೆ ಅಂಟು ಸರಿಯಾಗಿ ಹಿಡಿಯಲ್ಲ, ಆ ಕೆಲಸ ಮಾತ್ರ ಮನೆಯೊಳಗೇ ಮಾಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಪ್ರತಿ ವಾರ ಕೆಲಸ ಮಾಡುವವರಿಗೆ ಅದು ಸಾಲದು. ನಾನು 240 ವೋಲ್ಟಿನ 5000 ವ್ಯಾಟ್ ಹೀಟರ್ ಸೀಲಿಂಗಿಗೆ ಹಾಕಿಸಿದೆ, 30 ಆಂಪ್ ಬ್ರೇಕರ್. ಗಂಟೆಗೆ ಸುಮಾರು 17,000 ಬಿಟಿಯು. ಹೀಟರಿಗಿಂತ ಜಾಸ್ತಿ ಖರ್ಚಾಗಿದ್ದು ಮನೆಯಿಂದ ಗ್ಯಾರೇಜಿಗೆ ನೆಲ ಅಗೆದು ಕೇಬಲ್ ಎಳೆಸಲು. ಪರ್ಮಿಟ್ ತಗೊಂಡು ಎಲೆಕ್ಟ್ರಿಶಿಯನ್ ಕೈಲೇ ಮಾಡಿಸಿ. ಅದಕ್ಕೂ ಮೊದಲು ಗ್ಯಾರೇಜ್ ಬಾಗಿಲ ಕೆಳಗಿನ ರಬ್ಬರ್ ಪಟ್ಟಿ ಬದಲಾಯಿಸಿ, ಸೀಲಿಂಗಿಗೆ ಇನ್ಸುಲೇಶನ್ ತುಂಬಿ. ತೂತು ಮಡಕೆಗೆ ಎಷ್ಟು ನೀರು ಸುರಿದರೇನು?

ಪ್ರಶ್ನೆ ಕೇಳಿದವರು:
ಪಕ್ಕದ ಮನೆಯವರು ಹಳೇ ಪ್ರೊಪೇನ್ ಹೀಟರ್ ಪುಕ್ಕಟೆ ಕೊಡ್ತೀನಿ ಅಂತಿದ್ದಾರೆ. ಚಿಮಣಿ ಇಲ್ಲದ್ದು. ಆಗಲ್ವಾ?

ಉತ್ತರ 3:
ಬೇಡ ಮಾರಾಯ್ರೆ. ನಾನು ಒಂದು ಚಳಿಗಾಲ ಅಂಥದ್ದನ್ನೇ ಓಡಿಸಿದ್ದೆ. ಬಿಸಿಯೇನೋ ಹತ್ತೇ ನಿಮಿಷಕ್ಕೆ ಆಗುತ್ತದೆ. ಆದರೆ ಪ್ರೊಪೇನ್ ಉರಿದರೆ ನೀರಾವಿ ಬರುತ್ತದೆ, ಆ ಆವಿ ಹೋಗಿ ತಣ್ಣಗಿರುವ ಕಬ್ಬಿಣದ ಮೇಲೆ ಹನಿಯಾಗಿ ಕೂರುತ್ತದೆ. ನನ್ನ ಉಳಿಗಳೆಲ್ಲ ಮಾರ್ಚ್ ಹೊತ್ತಿಗೆ ಕೆಂಪಗೆ ತುಕ್ಕು. ಅದು ಹೋಗಲಿ, ಉರಿಯಿಂದ ಬರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಚಳಿ ಅಂತ ಬಾಗಿಲು ಬೇರೆ ಮುಚ್ಚಿಕೊಂಡಿರುತ್ತೀರಿ. ಮರದ ಪುಡಿ, ವಾರ್ನಿಶ್ ಇರುವ ಕಡೆ ತೆರೆದ ಬೆಂಕಿ ಯಾಕೆ? ಗ್ಯಾಸೇ ಬೇಕೆಂದರೆ ಹೊಗೆ ಹೊರಗೆ ಬಿಡುವ ಪೈಪ್ ಇರುವಂಥದ್ದೇ ಹಾಕಿಸಿ.

ಪ್ರಶ್ನೆ ಕೇಳಿದವರು:
ಸರಿ, ಪುಕ್ಕಟೆ ಹೀಟರ್ ಬೇಡ ಅಂದೆ. ಈಗಷ್ಟೇ ಟಾರ್ಚ್ ಹಿಡಿದು ಬಾಗಿಲು ನೋಡಿ ಬಂದೆ. ಎಡ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಸಂದು, ಒಳಗೆ ಒಂದು ಗೇಣು ಉದ್ದ ಹಿಮ ಬಿದ್ದಿದೆ. ಮೊದಲು ರಬ್ಬರ್ ಪಟ್ಟಿ ತರುತ್ತೇನೆ.