ಗುತ್ತಿಗೆ ರೈತನ ಹೆಸರು ದಾಖಲೆಗೆ ಬರಲು ಅಡ್ಡಿಯೇನು?

ಪ್ರಶ್ನೆ (ಚಿಂತಾಮಣಿಯಿಂದ):
ನಮ್ಮ ಭಾಗದಲ್ಲಿ ಟೊಮೆಟೊ ಬೆಳೆಯುವ ಅನೇಕರು, ಕೊಳವೆಬಾವಿ ಇರುವವರ ಹೊಲವನ್ನು ಬಾಯಿಮಾತಿನ ಮೇಲೆ ಗುತ್ತಿಗೆಗೋ ಪಾಲಿಗೋ ಹಿಡಿದು ದುಡಿಯುತ್ತಾರೆ. ಪಹಣಿಯಲ್ಲಿ ಹೆಸರಿಲ್ಲದ ಕಾರಣ ಅವರಿಗೆ ಸಹಕಾರ ಸಂಘದ ಬೆಳೆಸಾಲ ಸಿಗುವುದು ಕಷ್ಟ. ಬೆಳೆ ಹಾನಿಯಾದರೆ ಪರಿಹಾರ ಜಮೀನಿನ ಮಾಲೀಕರ ಖಾತೆಗೆ ಹೋಗುತ್ತದೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ನೆರವೂ ಭೂಮಿ ಇರುವ ಕುಟುಂಬಗಳಿಗೆ ಮಾತ್ರ. ಎಲ್ಲರಿಗೂ ಗೊತ್ತಿರುವ ಈ ಅನ್ಯಾಯವನ್ನು ಸರಿಪಡಿಸುವ ಕಾನೂನು ಏಕೆ ಬರುತ್ತಿಲ್ಲ?

ಉತ್ತರ 1 (ಕೋಲಾರದಿಂದ):
1974ರ ಭೂಸುಧಾರಣಾ ತಿದ್ದುಪಡಿಯು, ಆ ವರ್ಷದ ಮಾರ್ಚ್ 1ಕ್ಕೆ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿಕೊಂಡು, ಅರ್ಜಿ ಹಾಕಿದ ಗೇಣಿದಾರರಿಗೆ ಒಡೆತನ ಪಡೆಯುವ ದಾರಿ ಮಾಡಿಕೊಟ್ಟಿತು. ರಾಜ್ಯ ಕಂಡ ಅತ್ಯಂತ ದೊಡ್ಡ ಕೃಷಿ ಸುಧಾರಣೆ ಅದೇ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಹೊಸದಾಗಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಕಾಯ್ದೆ ನಿಷೇಧಿಸಿರುವುದರಿಂದ, ಇಂದಿನ ಗುತ್ತಿಗೆ ರೈತ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಭೂಮಿಗೂ ನೀರಿಗೂ ಮಾಲೀಕನನ್ನು, ಬೀಜ ಔಷಧಿಗಳ ಮುಂಗಡಕ್ಕೆ ಮಂಡಿಯವರನ್ನು ನಂಬಿಕೊಂಡಿರುವ ಆತ ಕರಾರು ಪತ್ರ ಕೇಳಿದರೆ, ಮುಂದಿನ ಬೆಳೆಗೆ ಹೊಲ ಇನ್ನೊಬ್ಬರ ಪಾಲಾಗುತ್ತದೆ; ಹೀಗಿರುವಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವವರು ಯಾರು? ಇದೇ ಕಾಯ್ದೆಯಲ್ಲಿ, ಕೃಷಿಯೇತರ ವರಮಾನ ಹೆಚ್ಚಿರುವವರು ಮತ್ತು ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಹಣವಿದ್ದವರಿಗೆ ಅಡ್ಡವಾಗಿದ್ದ ಕಲಮು ಹೋಯಿತು, ಗುತ್ತಿಗೆಯವರಿಗೆ ಅಡ್ಡವಾಗಿರುವುದು ಉಳಿಯಿತು.

ಉತ್ತರ 2 (ಗೌರಿಬಿದನೂರಿನಿಂದ):
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮಾಲೀಕರೆಲ್ಲ ಸಿರಿವಂತರಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಾನೂ ನಮ್ಮ ಎರಡು ಎಕರೆಯನ್ನು ಊರಿನವರೊಬ್ಬರಿಗೆ ಗುತ್ತಿಗೆಗೆ ಕೊಟ್ಟಿದ್ದೇನೆ. ಕಾಗದಕ್ಕೆ ಸಹಿ ಹಾಕಿದರೆ ಜಮೀನು ಕೈಬಿಟ್ಟು ಹೋದೀತೆಂಬ ಭಯ ನಮ್ಮಂಥ ಸಣ್ಣ ಹಿಡುವಳಿದಾರರಲ್ಲೇ ಹೆಚ್ಚು. ದೊಡ್ಡ ಮಾಲೀಕರು ಸುಧಾರಣೆಯನ್ನು ವಿರೋಧಿಸುವಾಗ ಮುಂದಿಡುವುದೂ ನಮ್ಮ ಈ ಭಯವನ್ನೇ. ಒಡೆತನಕ್ಕೆ ಧಕ್ಕೆಯಿಲ್ಲವೆಂದು ಕಾಯ್ದೆಯಲ್ಲೇ ಬರೆದರೆ ನಾನು ಸಹಿ ಹಾಕಲು ಸಿದ್ಧ.

ಉತ್ತರ 3 (ಮುಳಬಾಗಿಲಿನಿಂದ):
ನಮ್ಮ ಗಡಿಯಾಚೆ ಆಂಧ್ರಪ್ರದೇಶವು 2019ರಲ್ಲಿ ಅಂಥದೇ ಕಾನೂನು ತಂದಿತು. ಒಡೆತನ ಮುಟ್ಟದೆ, ಸಾಗುವಳಿ ಮಾಡುವವರಿಗೆ 11 ತಿಂಗಳ ಕಾರ್ಡು ಕೊಡುವ ವ್ಯವಸ್ಥೆ ಅದು. ಆದರೆ ಅದಕ್ಕೆ ಮಾಲೀಕರ ಸಹಿ ಬೇಕೆಂದು ಇಟ್ಟದ್ದರಿಂದ, ಸಹಿ ಕೇಳುವ ಧೈರ್ಯವಿಲ್ಲದವರು ಹೊರಗೇ ಉಳಿದರು. ನಮ್ಮಲ್ಲಿ ಕಾನೂನು ಬರುವುದಾದರೆ ಸಹಿಯ ಬದಲು ಗ್ರಾಮ ಪಂಚಾಯಿತಿ ಮಟ್ಟದ ಸ್ಥಳ ಪರಿಶೀಲನೆ ಸಾಕೆನ್ನಬೇಕು. ಅಲ್ಲಿಯವರೆಗೆ, ಪ್ರತಿ ಹಂಗಾಮಿನಲ್ಲಿ ನಡೆಯುವ ಬೆಳೆ ಸಮೀಕ್ಷೆಯಲ್ಲಾದರೂ ನಿಜವಾಗಿ ಬೆಳೆ ಇಟ್ಟವರ ಹೆಸರನ್ನು ಬರೆದುಕೊಂಡು, ಹಾನಿ ಪರಿಹಾರವನ್ನು ಅವರಿಗೇ ಕೊಡಬೇಕೆಂದು ನಾವು ಒತ್ತಾಯಿಸಬಹುದು.