ಅಮೆರಿಕದಲ್ಲಿ 1929ರ ಹೊಲ, ಕಾರ್ಖಾನೆ 1932ರಲ್ಲೂ ಹಾಗೇ ಇದ್ದವು. ಮತ್ತೆ ಜನ ಯಾಕೆ ಹಸಿದರು?

ಸಂಜೆಮಲ್ಲಿಗೆ

ಮಗಳಿಗೆ ಪರೀಕ್ಷೆ ಇದೆ, 1929ರ ಮಹಾಕುಸಿತದ ಪಾಠ ಓದಿಸುತ್ತಿದ್ದೆ. ಷೇರುಪೇಟೆ ಬಿತ್ತು, ಬ್ಯಾಂಕು ಮುಚ್ಚಿದವು, ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಹೋಯಿತು ಅಂತ ನಾನು ಹೇಳಿಕೊಂಡು ಹೋದೆ. ಅವಳು ನಡುವೆ ತಡೆದು ಕೇಳಿದಳು: "ಅಮ್ಮಾ, ಭೂಕಂಪ ಆಗಿರಲಿಲ್ಲ, ಯುದ್ಧ ಇರಲಿಲ್ಲ. ಹೊಲ, ಕಾರ್ಖಾನೆ, ಕೆಲಸ ಗೊತ್ತಿರುವ ಜನ ಎಲ್ಲಾ ಅಲ್ಲೇ ಇದ್ದರು. ಮತ್ತೆ ಊಟಕ್ಕೆ ಯಾಕೆ ಸಾಲು ನಿಂತರು?" ನನಗೆ ಉತ್ತರ ಹೊಳೆಯಲಿಲ್ಲ. ಸರ್ಕಾರ ಅಷ್ಟು ವರ್ಷ ಏನು ಮಾಡುತ್ತಿತ್ತು ಅನ್ನೋದೂ ಅರ್ಥ ಆಗಲಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಕ್ಯಾಷ್‌ಕೌಂಟರ್

ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಾನು 31 ವರ್ಷ ಬ್ಯಾಂಕಿನಲ್ಲಿ ದುಡಿದವನು, ಆ ಕಡೆಯಿಂದಲೇ ಹೇಳುತ್ತೇನೆ.

ಅಮೆರಿಕದ ಷೇರು ಬೆಲೆ ತೋರಿಸುವ ಡೌ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381 ಇತ್ತು, 1932ರ ಜುಲೈಗೆ 41. ಹತ್ತು ಡಾಲರ್ ಕೈಯಿಂದ ಹಾಕಿ ಉಳಿದ ತೊಂಬತ್ತು ಸಾಲ ಮಾಡಿ ಷೇರು ಕೊಂಡವರು ಮುಳುಗಿಹೋದರು. ಆದರೆ ಷೇರು ಇಟ್ಟುಕೊಂಡವರು ಆಗ ಆ ದೇಶದಲ್ಲಿ ಕಡಿಮೆ ಜನ. ಏಟನ್ನು ಊರೂರಿಗೆ ಮುಟ್ಟಿಸಿದ್ದು ಬ್ಯಾಂಕುಗಳು.

ನೀವು ಕಟ್ಟಿದ ದುಡ್ಡು ತಿಜೋರಿಯಲ್ಲಿ ಕೂತಿರಲ್ಲ ಅಲ್ವಾ. ಸ್ವಲ್ಪ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಬ್ಯಾಂಕು ಸಾಲ ಕೊಟ್ಟಿರುತ್ತದೆ. ಎಲ್ಲರೂ ಒಂದೇ ಬೆಳಿಗ್ಗೆ ಬಂದು ಕೇಳಿದರೆ ಎಂಥ ಒಳ್ಳೆ ಬ್ಯಾಂಕಾದರೂ ಕೊಡಲು ಆಗಲ್ಲ. 1930ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ 'ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್' ಅಂತ ಒಂದು ಬ್ಯಾಂಕು ಹೀಗೇ ಬಾಗಿಲು ಹಾಕಿತು. ಹೆಸರು ಹಾಗಿದ್ದರೂ ಅದು ಖಾಸಗಿ ಬ್ಯಾಂಕು. 4 ಲಕ್ಷಕ್ಕೂ ಜಾಸ್ತಿ ಖಾತೆದಾರರು, ಅವರಲ್ಲಿ ಬಹಳ ಜನ ಹೊರದೇಶದಿಂದ ಬಂದು ಬಟ್ಟೆ ಹೊಲಿದು ಬದುಕುತ್ತಿದ್ದವರು. 1933ರ ಹೊತ್ತಿಗೆ ದೇಶದಲ್ಲಿ ಹತ್ತಿರ ಹತ್ತಿರ 9,000 ಬ್ಯಾಂಕು ಹೋದವು. ಹೆಚ್ಚಿನವು ಒಂದೇ ಊರಿನ, ಒಂದೇ ಶಾಖೆಯ ಸಣ್ಣ ಬ್ಯಾಂಕುಗಳು. ಊರಿನ ಬೆಳೆಗೆ ಬೆಲೆ ಬಿದ್ದರೆ ಬ್ಯಾಂಕೂ ಬೀಳುತ್ತಿತ್ತು. ಪಕ್ಕದ ಕೆನಡಾದಲ್ಲಿ ದೇಶದ ತುಂಬಾ ಶಾಖೆ ಇದ್ದ ದೊಡ್ಡ ಬ್ಯಾಂಕುಗಳಿದ್ದವು. ಅಲ್ಲಿ ಒಂದೂ ಬೀಳಲಿಲ್ಲ.

ಈಗ ಮಗಳ ಪ್ರಶ್ನೆಗೆ ಬರ್ತೇನೆ. ಇರೋ ಬ್ಯಾಂಕೂ ಹೆದರಿ ಸಾಲ ಕೊಡೋದು ನಿಲ್ಲಿಸಿತು. ಸಾಲ ಇಲ್ಲ ಅಂತ ಅಂಗಡಿಯವನು ಸರಕು ತರಿಸಲಿಲ್ಲ, ಸರಕು ಹೋಗಲ್ಲ ಅಂತ ಕಾರ್ಖಾನೆಯವನು ಆಳುಗಳನ್ನು ಮನೆಗೆ ಕಳಿಸಿದ, ಆಳಿಗೆ ಕೂಲಿ ಇಲ್ಲ ಅಂತ ಅಂಗಡಿಯವನಿಗೆ ಇನ್ನಷ್ಟು ವ್ಯಾಪಾರ ಕಡಿಮೆಯಾಯಿತು. ಇವರಲ್ಲಿ ಒಬ್ಬರೂ ದಡ್ಡತನ ಮಾಡಿಲ್ಲ, ಅವರವರ ಮನೆ ಲೆಕ್ಕಕ್ಕೆ ಎಲ್ಲರೂ ಮಾಡಿದ್ದು ಸರಿ. ಆದರೆ ನಾನು ಖರ್ಚು ಮಾಡಿದರೆ ತಾನೇ ನಿಮಗೆ ಸಂಪಾದನೆ? ಎಲ್ಲರೂ ಒಟ್ಟಿಗೆ ಕೈ ಮುಚ್ಚಿದರೆ ಎಲ್ಲರ ಸಂಪಾದನೆಯೂ ನಿಲ್ಲುತ್ತದೆ. ಮೂರೂವರೆ ವರ್ಷದಲ್ಲಿ ದೇಶದಲ್ಲಿ ಓಡಾಡುತ್ತಿದ್ದ ಹಣ ಮೂರನೇ ಒಂದು ಭಾಗ ಕರಗಿತು.

ಅಂಥ ಹೊತ್ತಿನಲ್ಲಿ ಕೈ ಬಿಚ್ಚಬೇಕಾದದ್ದು ಸರ್ಕಾರ. ಅದೂ ಕೈ ಮುಚ್ಚಿತು. 1930ರಲ್ಲಿ ಸ್ಮೂಟ್-ಹಾಲಿ ಕಾನೂನು ತಂದು ಹೊರಗಿನ ಸರಕಿಗೆ ಸುಂಕ ಏರಿಸಿದರು. ಸಹಿ ಹಾಕಬೇಡಿ ಅಂತ ಅಧ್ಯಕ್ಷರಿಗೆ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬರೆದುಕೊಟ್ಟಿದ್ದರು. ಬೇರೆ ದೇಶಗಳೂ ತಿರುಗಿ ಸುಂಕ ಹಾಕಿದವು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ನಂಟು (ನೋಟು ಕೊಟ್ಟರೆ ಗೊತ್ತುಮಾಡಿದ ಬೆಲೆಗೆ ಚಿನ್ನ ಕೊಡುವ ಕಟ್ಟುಪಾಡು) ಬಿಟ್ಟಾಗ, ಅಮೆರಿಕವೂ ಬಿಡಬಹುದು ಅಂತ ಹೊರಗಿನವರು ಡಾಲರ್ ಕೊಟ್ಟು ಚಿನ್ನ ಎತ್ತತೊಡಗಿದರು. ಅದನ್ನು ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ 1.5ರಿಂದ 3.5ಕ್ಕೆ ಏರಿಸಿತು. ಬ್ಯಾಂಕುಗಳು ಉಸಿರಿಗೆ ಒದ್ದಾಡುತ್ತಿರುವಾಗ ಬಡ್ಡಿ ಏರಿಕೆ! ಇದನ್ನು ಓದಿದಾಗಲೆಲ್ಲಾ ನನಗೆ ಹೊಟ್ಟೆ ಉರಿಯುತ್ತದೆ. ಮರುವರ್ಷ ಬಜೆಟ್ ಸರಿದೂಗಿಸಲು ತೆರಿಗೆಯನ್ನೂ ಏರಿಸಿದರು.

ಹೊಲಬದಿ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಮಾತ್ರ, ಅಧ್ಯಕ್ಷ ಹೂವರ್ ಸುಮ್ನೆ ಕೂತಿರಲಿಲ್ಲ. ಕೂಲಿ ಇಳಿಸಬೇಡಿ ಅಂತ ಕಾರ್ಖಾನೆಯವರನ್ನು ಕರೆಸಿ ಕೇಳಿಕೊಂಡರು, 1932ರಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡಲು ಸಂಸ್ಥೆಯನ್ನೇ ಕಟ್ಟಿದರು. ಆದರೆ ಹಸಿದವರ ಕೈಗೆ ಕೇಂದ್ರ ಸರ್ಕಾರವೇ ನೇರವಾಗಿ ದುಡ್ಡು ಕೊಡುವುದು ತಪ್ಪು ಅಂತ ಅವರು ಮನಸಾರೆ ನಂಬಿದ್ದರು.

ಇನ್ನು ರೈತರ ಪಾಡು. ಒಂದು ಬುಷೆಲ್ (ಸುಮಾರು 27 ಕೆಜಿ) ಗೋಧಿಗೆ 1929ರಲ್ಲಿ ಸುಮಾರು 1 ಡಾಲರ್ ಸಿಗುತ್ತಿತ್ತು, 1932ರಲ್ಲಿ 40 ಸೆಂಟ್ಸೂ ಇಲ್ಲ. ಸಾಲದ ಕಂತು ಮಾತ್ರ ಒಂದು ಸೆಂಟೂ ಇಳಿಯಲಿಲ್ಲ. ಅಂದರೆ ಮೊದಲು ಹತ್ತು ಮೂಟೆಯಲ್ಲಿ ತೀರುತ್ತಿದ್ದ ಕಂತಿಗೆ ಈಗ ಇಪ್ಪತ್ತೈದು ಮೂಟೆ ಬೇಕು. ಕಲ್ಲಿದ್ದಲಿಗಿಂತ ಅಗ್ಗ ಅಂತ ಮೆಕ್ಕೆಜೋಳವನ್ನೇ ಒಲೆಗೆ ಹಾಕಿದರು. ಪೇಟೆಯಲ್ಲಿ ಜನ ಹಸಿದಿದ್ದರು, ಹಳ್ಳಿಯಲ್ಲಿ ಕಾಳು ಉರಿಯುತ್ತಿತ್ತು.

ಅಯೋವಾ, ನೆಬ್ರಾಸ್ಕಾ ಕಡೆ ಬ್ಯಾಂಕಿನವರು ಹರಾಜು ಹಾಕಲು ಬಂದರೆ ಸುತ್ತಲಿನ ರೈತರೆಲ್ಲಾ ಅಂಗಳದಲ್ಲಿ ಬಂದು ನಿಲ್ಲುತ್ತಿದ್ದರು. ಕುದುರೆಗೆ ಹತ್ತು ಸೆಂಟ್ಸ್, ನೇಗಿಲಿಗೆ ಐದು ಸೆಂಟ್ಸ್ ಅಂತ ಒಬ್ಬ ಕೂಗುತ್ತಿದ್ದ, ಬೇರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೊರಗಿನವನು ಮೇಲೆ ಕೂಗದಿರಲಿ ಅಂತ ಕೊಟ್ಟಿಗೆಗೆ ನೇಣಿನ ಹಗ್ಗ ತೂಗುಹಾಕಿದ್ದೂ ಉಂಟು. ಎಲ್ಲಾ ಮುಗಿದ ಮೇಲೆ ಕೊಂಡದ್ದನ್ನು ಮನೆಯವನಿಗೇ ತಿರುಗಿ ಕೊಟ್ಟು ಹೋಗುತ್ತಿದ್ದರು. ಕೊನೆಗೆ ಅಯೋವಾ, ಮಿನ್ನೆಸೋಟ ರಾಜ್ಯಗಳು 1933ರಲ್ಲಿ ಜಪ್ತಿಗೇ ಕೆಲಕಾಲ ತಡೆ ಹಾಕಿದವು.

ಸಂಜೆಮಲ್ಲಿಗೆ

ಹರಾಜಿನ ಕತೆ ಮಗಳಿಗೆ ಓದಿ ಹೇಳಿದೆ, ಪುಸ್ತಕ ಮುಚ್ಚಿಟ್ಟು ಕೇಳಿದಳು. ಆಮೇಲೆ ಹೂವರ್ ಜಾಗಕ್ಕೆ ಅಧ್ಯಕ್ಷರಾಗಿ ರೂಸ್‌ವೆಲ್ಟ್ ಬಂದು ಖರ್ಚು ಮಾಡಿದರು, ಸರಿಹೋಯಿತು, ಅಷ್ಟೇನಾ? ಬ್ಯಾಂಕಿನ ವಿಷಯ ನನಗೂ ಹತ್ತಿರದ್ದು. ಕೆಲವು ವರ್ಷದ ಹಿಂದೆ ನಮ್ಮ ತಂದೆ ನಿವೃತ್ತಿಯ ದುಡ್ಡು ಇಟ್ಟಿದ್ದ ಸಹಕಾರಿ ಬ್ಯಾಂಕೊಂದರ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಅಪ್ಪ ಮೂರು ದಿನ ಸಾಲಿನಲ್ಲಿ ನಿಂತರು.

ಕ್ಯಾಷ್‌ಕೌಂಟರ್

ನಿಮ್ಮ ತಂದೆಯ ವಿಷಯ ಕೇಳಿ ಸಂಕಟ ಆಯಿತು. ಬ್ಯಾಂಕು ಬಿದ್ದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ ಅಂತ ಈಗ ನಾವು ಹೇಳುತ್ತೇವಲ್ಲ, ಅಂಥ ವಿಮೆಯನ್ನು ಅಮೆರಿಕ ತಂದದ್ದು ಈ ಕುಸಿತದಿಂದಲೇ. 1934ರ ಜನವರಿಯಿಂದ ಮೊದಲಿಗೆ 2,500 ಡಾಲರ್‌ವರೆಗೆ ಕೊಟ್ಟರು. ನಮ್ಮಲ್ಲಿ ಬಂದದ್ದು 1962ರಲ್ಲಿ, ಅದೂ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ.

ರೂಸ್‌ವೆಲ್ಟ್ 1933ರ ಮಾರ್ಚ್ 4ರಂದು ಅಧಿಕಾರಕ್ಕೆ ಬಂದರು. 6ರಿಂದ ದೇಶದ ಎಲ್ಲಾ ಬ್ಯಾಂಕಿಗೂ ರಜೆ ಘೋಷಿಸಿದರು. ಲೆಕ್ಕ ನೋಡಿ, ಗಟ್ಟಿ ಇದ್ದವನ್ನು ಮಾತ್ರ ತೆರೆಯಲು ಬಿಟ್ಟರು. ತೆರೆಯುವ ಹಿಂದಿನ ರಾತ್ರಿ, 12ನೇ ತಾರೀಖು, ರೇಡಿಯೋದಲ್ಲಿ ಕೂತು ಬ್ಯಾಂಕು ಹೇಗೆ ನಡೆಯುತ್ತದೆ ಅಂತ ಮನೆಮಂದಿಗೆ ಹೇಳುವ ಹಾಗೆ ಹೇಳಿದರು. ದುಡ್ಡನ್ನು ಹಾಸಿಗೆ ಕೆಳಗೆ ಇಡುವುದಕ್ಕಿಂತ ತೆರೆದ ಬ್ಯಾಂಕಿನಲ್ಲಿಡುವುದು ಭದ್ರ ಅಂದರು. ಬೆಳಿಗ್ಗೆ ಜನ ಮತ್ತೆ ಸಾಲು ನಿಂತರು, ಈ ಸಲ ದುಡ್ಡು ಕಟ್ಟಲು. ನಾನು ಕೌಂಟರಿನಲ್ಲಿ ಕೂತವನು, ಆ ಬೆಳಿಗ್ಗೆ ಕ್ಯಾಷಿಯರ್‌ಗೆ ಹೇಗಾಗಿರಬೇಕು ಅಂತ ಊಹಿಸಬಲ್ಲೆ.

ಹೊಲಬದಿ

ಆದರೆ 'ಸರಿಹೋಯಿತು' ಅನ್ನುವುದನ್ನು ನಾನು ಒಪ್ಪಲ್ಲ. ಸೇತುವೆ, ಶಾಲೆ, ಅರಣ್ಯದ ಕೆಲಸ ಕೊಟ್ಟರು, ಲಕ್ಷಗಟ್ಟಲೆ ಮನೆಗಳಲ್ಲಿ ಒಲೆ ಹತ್ತಿತು, ಅದು ದೊಡ್ಡದು. ಆದರೆ ಬೆಲೆ ಏರಿಸಲು 1933ರಲ್ಲಿ ಸುಮಾರು 60 ಲಕ್ಷ ಹಂದಿ ಮರಿಗಳನ್ನು ಕೊಲ್ಲಿಸಿದರು. ಹತ್ತಿ ಬೆಳೆಯಬೇಡಿ ಅಂತ ಜಮೀನುದಾರರಿಗೆ ದುಡ್ಡು ಕೊಟ್ಟರು, ಆಗ ದಕ್ಷಿಣದಲ್ಲಿ ಕೋರು ಮಾಡುತ್ತಿದ್ದ ಎಷ್ಟೋ ಬಡವರನ್ನು, ಅದರಲ್ಲೂ ಕಪ್ಪು ಜನರನ್ನು, ಹೊಲದಿಂದ ಎಬ್ಬಿಸಿದರು. 1935ರ ಪಿಂಚಣಿ ಕಾನೂನಿನಲ್ಲೂ ಹೊಲದ ಕೂಲಿಗಳಿಗೆ, ಮನೆಗೆಲಸದವರಿಗೆ ಜಾಗ ಇರಲಿಲ್ಲ. ಸ್ವಲ್ಪ ಚೇತರಿಸಿದ ಕೂಡಲೇ 1937ರಲ್ಲಿ ಖರ್ಚು ಕಡಿತ ಮಾಡಿದರು, ಅದೇ ಹೊತ್ತಿಗೆ ಫೆಡರಲ್ ರಿಸರ್ವ್ ಕೂಡ ಬಿಗಿ ಮಾಡಿತು. ಮತ್ತೆ ಬಿತ್ತು. ಎಲ್ಲರಿಗೂ ಕೆಲಸ ಸಿಕ್ಕಿದ್ದು ಎರಡನೇ ಮಹಾಯುದ್ಧದ ಆರ್ಡರು ಬಂದ ಮೇಲೆಯೇ.

ಕಾಲುವೆದಂಡೆ

ನಾನು ಮಂಡ್ಯದವಳು. ಈ ಏಟು ನಮ್ಮಲ್ಲಿಗೂ ಬಂದಿತ್ತು. ಬೆಳೆಗೆ ಬೆಲೆ ಅರ್ಧಕ್ಕೆ ಇಳಿದರೂ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಿತ್ತು. 1931ರ ನಂತರ ಭಾರತದಿಂದ ರಾಶಿ ರಾಶಿ ಚಿನ್ನ ಲಂಡನ್ನಿಗೆ ಹೋಯಿತು, ಅದರಲ್ಲಿ ಹೆಂಗಸರ ಒಡವೆ ಎಷ್ಟೋ. ನಮ್ಮಜ್ಜಿ ತನ್ನ ತಾಯಿಯ ಓಲೆ ಹೋದದ್ದನ್ನು ಸಾಯುವ ತನಕ ಹೇಳುತ್ತಿದ್ದರು. ಕಂದಾಯದ ದಿನ ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡು ಬಂದಳಂತೆ.

ಕ್ಯಾಷ್‌ಕೌಂಟರ್ ಅವರೇ, ಸುಂಕ ಅಂದರೆ ಕೆಟ್ಟದ್ದು ಅನ್ನೋ ಹಾಗೆ ಬರೆದಿದ್ದೀರಿ. 1932ರಲ್ಲಿ ಹೊರಗಿನ ಸಕ್ಕರೆ ಮೇಲೆ ಸುಂಕ ಬಿತ್ತು. ಆಗ ನಮ್ಮಲ್ಲಿಗೆ ಜಾವಾ ಸಕ್ಕರೆ ಬರುತ್ತಿತ್ತು. ಮರುವರ್ಷವೇ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಪಟ್ಟು ಹಿಡಿದು ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಕಟ್ಟಿಸಿದರು. ಕನ್ನಂಬಾಡಿಯ ನೀರು ಕಾಲುವೆಯಲ್ಲಿ ಬಂದಿತ್ತು, ಕಬ್ಬಿಗೆ ಕೊಳ್ಳುವವರೂ ಸಿಕ್ಕರು. ಎಲ್ಲರೂ ಕೈ ಮುಚ್ಚಿದ ಕಾಲದಲ್ಲಿ ಒಂದು ಸಂಸ್ಥಾನ ಕಾರ್ಖಾನೆ ಎಬ್ಬಿಸಿತು. ಅದನ್ನೂ ಮಗಳಿಗೆ ಹೇಳಿ.

ಕ್ಯಾಷ್‌ಕೌಂಟರ್

ಒಪ್ಪಿದೆ. ಆಗಲೇ ಮಾಲು ತುಂಬಿ ತುಳುಕುತ್ತಿದ್ದ ದೇಶ ಬಾಗಿಲು ಹಾಕಿಕೊಳ್ಳುವುದು ಬೇರೆ, ಮೊದಲ ಗಾಣ ಹಾಕುವವರಿಗೆ ನೆರಳು ಕೊಡುವುದು ಬೇರೆ. ಬರೆಯುವಾಗ ಅದನ್ನು ಬಿಟ್ಟೆ.

ಸಂಜೆಮಲ್ಲಿಗೆ

ಎಲ್ಲರಿಗೂ ಥ್ಯಾಂಕ್ಸ್. ಮಗಳು ಓಲೆಯ ವಿಷಯ ಓದಿ ನೇರ ತಾತನ ಹತ್ತಿರ ಹೋದಳು. ಸಾಲಿನಲ್ಲಿ ನಿಂತ ಮೂರು ದಿನದ ಕತೆ ಈಗ ಅಲ್ಲಿ ನಡೆಯುತ್ತಿದೆ.